ಮಣ್ಣು ಮೆಟ್ಟುವವರ ಟೀಮು

ಹಂಗಾರಕಟ್ಟೆಯ ಹಂಚಿನ ಕಾರ್ಖಾನೆಯಲ್ಲಿ ಮುತ್ತನ ಕೆಲಸ ಮಣ್ಣು ಮೆಟ್ಟಿ ಹದ ಮಾಡುವುದು. ಬೆಳಗಿನಿಂದ ಹೊತ್ತು ಕಂತುವವರೆಗೆ ಮೊಣಕಾಲುದ್ದ ಕೆಸರು. ಅವನ ಹಿಮ್ಮಡಿಯ ಬಿರುಕುಗಳಿಗೆ ಹೆಂಡತಿ ಜಲಜ ಮೇಣ ತುಂಬುತ್ತಿದ್ದಳು. ಮರುದಿನ ಆ ಮೇಣ ಮಣ್ಣಿನ ಪಾಲು.

ಟೀಮು ಹುಟ್ಟಿದ್ದು ಆ ಕಾಲುಗಳಿಂದಲೇ. ಮೆಟ್ಟುವವರು ಸಂಜೆ ಹೊಳೆಬದಿಯ ಗದ್ದೆಯಲ್ಲಿ ಬಟ್ಟೆಯ ಚೆಂಡು ಒದೆಯುವುದನ್ನು ಒಡೆಯ ಶಾಮರಾಯರು ಕಂಡು ಚರ್ಮದ ಚೆಂಡು ತರಿಸಿದರು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಈ ಬರಿಗಾಲಿನ ಟೀಮು ಬ್ರಹ್ಮಾವರ, ಕುಂದಾಪುರ, ಬೈಂದೂರು ಎಲ್ಲ ಕಡೆ ಗೆದ್ದಿತ್ತು. ಗೆದ್ದ ಕಪ್ಪುಗಳು ಒಡೆಯರ ಚಾವಡಿಯಲ್ಲಿ ಕೂತವು. ಸೋತರೆ ಮರುದಿನ ಆಡಿದವರೆಲ್ಲ ಒಂದು ಗಾಡಿ ಮಣ್ಣು ಹೆಚ್ಚು ಮೆಟ್ಟಬೇಕು.

ಮಂಗಳೂರಿನ ಟೀಮಿನ ಮೇಲಿನ ಆಟಕ್ಕೆ ಬಿಳಿ ದೊರೆಯೊಬ್ಬ ಬರುವವನಿದ್ದ. ಬರಿಗಾಲು ತನಗೆ ಮರ್ಯಾದೆಯಲ್ಲ ಎಂದು ಶಾಮರಾಯರು ಎಲ್ಲರಿಗೂ ಬೂಟು ಹಾಕಿಸಿದರು. ಮುತ್ತ ಹುಟ್ಟಿದಾಗಿನಿಂದ ಚಪ್ಪಲಿಯನ್ನೂ ಕಂಡವನಲ್ಲ. ಬೆರಳಿಗೆ ನೆಲ ಸಿಗುತ್ತಿಲ್ಲ ಎಂದು ಒಡೆಯರಿಗೆ ಹೇಳಿ ನೋಡಿದ.

"ಹ್ವಾಯ್, ಮದುಮಗನ ಕಾಲ್ ಕಾಣಿ," ಎಂದು ಜೊತೆಗಾರ ಬಚ್ಚ ನಗಿಸಿದ.

ಆಟದ ನಡುವೆ ಮುತ್ತ ತಿರುಗಿದ. ಬೂಟು ತಿರುಗಲಿಲ್ಲ. ಮೂಳೆ ಮುರಿದ ಸದ್ದು ಅವನಿಗೇ ಕೇಳಿಸಿತು.

ಮೂಳೆ ಸೊಟ್ಟಗೆ ಕೂಡಿತು. ಇನ್ನು ಮೆಟ್ಟಲಾಗದು. ಕೂತು ಹಂಚು ತಟ್ಟುವ ಕೆಲಸವಾದರೂ ಕೊಡಿ ಎಂದು ಕೇಳಲು ಮುತ್ತ ಕೋಲೂರಿಕೊಂಡು ಹೋದ. ಶಾಮರಾಯರು ಸಿಟ್ಟಾಗಲಿಲ್ಲ.

"ಕೆಲ್ಸದಗೆ ಮುರ್ದಿದ್ರೆ ಎಂತಾರೂ ದಾರಿ ಕಾಂತಿದ್ದೆ ಮಾರಾಯ. ಇದ್ ಆಟ ಅಲ್ದಾ?"

ಮುತ್ತ ಮನೆಗೆ ಬಂದ. ಕೇಳಿದ್ದನ್ನು ಜಲಜಳಿಗೆ ಹೇಳಿದ. ಅವಳು ತನ್ನ ಜೊತೆ ಹಂಚು ಹೊರುವ ಹೆಂಗಸರಿಗೆ ಹೇಳಿದಳು. ಅವರಿಂದ ಅದು ಮಣ್ಣಿನ ಗುಂಡಿಯಲ್ಲಿ ಮೆಟ್ಟುವವರ ಕಿವಿಗೂ ಬಿತ್ತು.

ಮುಂದಿನ ಆಟಕ್ಕೆ ಉಪ್ಪುಂದದವರು ಬಂದರು. ಜನ ನೆರೆದಿತ್ತು. ಮುತ್ತ ಗದ್ದೆಯ ಬದುವಿನ ಮೇಲೆ ಕೂತಿದ್ದ. ಟೀಮು ಗದ್ದೆಗೆ ಇಳಿಯದೆ ಅವನ ಪಕ್ಕ ಬಂದು ಕೂತಿತು. ಬೇಡ, ಏಳಿ, ನಿಮಗೂ ಮಕ್ಕಳಿದ್ದಾರೆ ಎಂದು ಅವನು ಬೇಡಿಕೊಂಡ. ಯಾರೂ ಏಳಲಿಲ್ಲ. ಕೊನೆಗೆ ಶಾಮರಾಯರೇ ಕುರ್ಚಿ ಬಿಟ್ಟು ಬಂದು ಇದೆಂತ ಎಂದು ಕೇಳಿದರು.

ಬಚ್ಚ ಕೂತಲ್ಲಿಂದಲೇ ಹೇಳಿದ. "ಆಟ ಅಲ್ದಾ ಒಡೇರೆ? ಮನ್ಸಿದ್ರೆ ಆಡುದ್. ಇವತ್ತ್ ಮನ್ಸಿಲ್ಲ."

ಮರುದಿನ ಅವರನ್ನೆಲ್ಲ ಗೇಟಿನಲ್ಲೇ ತಡೆದರು. ಕೆಲಸ ಹೋಗಿತ್ತು. ಟೀಮೂ ಅಲ್ಲಿಗೆ ಮುಗಿಯಿತು.

ಸುದ್ದಿ ಕೇಳಿ ಮುತ್ತ ಕುಂಟುತ್ತ ಬಂದ. ಯಾರ ಮುಖವನ್ನೂ ನೋಡಲಾಗಲಿಲ್ಲ. ಗೇಟಿನ ಹೊರಗೆ ಎಲ್ಲರೊಂದಿಗೆ ಕೂತಿದ್ದ ಬಚ್ಚ ಸರಿದು ಜಾಗ ಕೊಟ್ಟ. ಯಾರೂ ಗೆದ್ದವರಂತೆ ಕಾಣುತ್ತಿರಲಿಲ್ಲ. ಒಳಗೆ ಮೆಟ್ಟುವವರಿಲ್ಲದೆ ಗುಂಡಿಯ ಮಣ್ಣು ಬಿಸಿಲಿಗೆ ಬಿರಿಯುತ್ತಿತ್ತು.

ಹೊತ್ತೇರಿದ ಮೇಲೆ ಜಲಜ ಹಂಚಿನ ಹೊರೆಯನ್ನು ಅರ್ಧ ದಾರಿಯಲ್ಲೇ ಇಳಿಸಿ, ತಲೆಯ ಮೇಲಿನ ಬಟ್ಟೆಯ ಸಿಂಬಿ ತೆಗೆದು, ಗೇಟು ದಾಟಿ ಹೊರಗೆ ಬಂದಳು. ಅವಳ ಹಿಂದೆ ಇನ್ನೊಬ್ಬಳು ಬಂದಳು. ಆಮೇಲೆ ಮತ್ತೊಬ್ಬಳು.