ಹುಳಿ ಮಣ್ಣು

"ನಿಲ್ಲಿಸಿ! ಸುಣ್ಣ ಹಾಕಬೇಡಿ, ನಿಲ್ಲಿಸಿ!"

ಬದುವಿನ ಮೇಲೆ ಎಡವುತ್ತ ಬರುತ್ತಿದ್ದ ಕಾತ್ಯಾಯಿನಿಯ ಕೂಗಿಗೆ ಬೈರಣ್ಣ ಮಂಕರಿ ಹಿಡಿದೇ ತಿರುಗಿದ. ಬೆಂಗಳೂರಿನ ಅಂಚಿನ ಹಳ್ಳಿ ಇಟ್ಟಮಡುವಿನ ಅವನ ಎರಡೆಕರೆ ಕೆಂಪು ಹೊಲದಲ್ಲಿ ಅರ್ಧ ಆಗಲೇ ಬೆಳ್ಳಗಾಗಿತ್ತು. ಹೆಂಡತಿ ಮಂಗಮ್ಮನ ಹುಬ್ಬು, ರೆಪ್ಪೆಯೆಲ್ಲ ಸುಣ್ಣದ ಪುಡಿ.

ಕಾತ್ಯಾಯಿನಿ ಮಣ್ಣು ಪರೀಕ್ಷೆಯ ಕಚೇರಿಗೆ ಸೇರಿ ಐದು ತಿಂಗಳಾಗಿತ್ತು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮಣ್ಣಿನ ಗುಣ ತಿಳಿದು ಗೊಬ್ಬರ ಹಾಕಿದರೆ ರಾಗಿ ಎರಡರಷ್ಟು ಬೆಳೆಯಬಹುದೆಂದು ಸಂಕ್ರಾಂತಿಯ ಹೊತ್ತಿಗೆ ಅವಳೇ ಈ ಊರಿನವರನ್ನು ಒಪ್ಪಿಸಿ ಮಣ್ಣು ಒಯ್ದಿದ್ದಳು. ಊರಿಗೆ ಕಳಿಸಿದ ಫಲಿತಾಂಶದ ಚೀಟಿಗಳಲ್ಲಿ ಆದ ತಪ್ಪು ನಿನ್ನೆ ರಿಜಿಸ್ಟರು ತಿರುವುವಾಗ ಕಣ್ಣಿಗೆ ಬಿದ್ದಿತ್ತು. ಪಕ್ಕದ ಹೊಲದ ತಿಮ್ಮರಾಯಪ್ಪನ ಫಲಿತಾಂಶವನ್ನು ಬೈರಣ್ಣನ ಚೀಟಿಗೂ, ಬೈರಣ್ಣನದನ್ನು ತಿಮ್ಮರಾಯಪ್ಪನ ಚೀಟಿಗೂ ಬರೆದುಬಿಟ್ಟಿದ್ದಳು.

"ಮುಂದಿನ ವರ್ಷ ಸರಿಮಾಡಿ ಕಳಿಸಿದ್ರಾಯ್ತಮ್ಮ. ಆ ಚೀಟೀನ ಯಾರು ಓದ್ತಾರೆ?" ಎಂದಿದ್ದರು ಮೇಲಧಿಕಾರಿ.

ಅವಳಿಗೆ ಅನ್ನ ಸೇರಲಿಲ್ಲ. ಬೆಳಿಗ್ಗೆ ಜಯನಗರದ ಮನೆಯಲ್ಲಿ ಆಫೀಸಿಗೆಂದು ಹೇಳಿ ಹೊರಟವಳು ಬನಶಂಕರಿ ಗುಡಿಯ ಬಳಿ ಬಸ್ಸಿಳಿದು ಇತ್ತ ನಡೆದಿದ್ದಳು.

"ತಪ್ಪು ನಂದು ಬೈರಣ್ಣನವರೇ. ನಿಮ್ಮ ಮಣ್ಣಲ್ಲಿ ಹುಳಿ ಇಲ್ಲ. ಹುಳಿ ಮುರಿಯೋ ಸುಣ್ಣ ಬೇಕಾಗಿಲ್ಲ. ಹಾಕಿದ್ರೆ ಪೈರು ಬಿಳಿಚಿಕೊಳ್ಳುತ್ತೆ."

ಮಂಗಮ್ಮ ಸೊಂಟಕ್ಕೆ ಕೈಕೊಟ್ಟಳು. "ಏನ್ ತಾಯಿ ಇಂಗಂತೀಯ? ಗಾಡೀಲಿ ಸುಣ್ಣ ಏರ್ಕೊಂಡ್ ಬಂದು, ಮೂರು ದಿನದಿಂದ ಕಣ್ಣು ಉರ್ಕೊಂಡು ಎರಚ್ತಾ ಇವ್ನಿ. ನಿಮ್ಗೆ ಓದೋಕ್ ಬರಾಕಿಲ್ವಾ?"

ಬೈರಣ್ಣ ಮಾತ್ರ ಬೇರೇನನ್ನೋ ಯೋಚಿಸುತ್ತಿದ್ದ.

"ಅಂಗಾರೆ ನಮ್ ಮಣ್ಗೆ ಏನೂ ರೋಗ ಇಲ್ವಾ ಅಮ್ಮಾವ್ರೇ?"

"ಇಲ್ಲ. ಸತ್ವ ಸ್ವಲ್ಪ ಕಮ್ಮಿ. ಮಳೆ ಬಿದ್ದ ಕೂಡಲೇ ಸೆಣಬು ಬಿತ್ತಿ, ಹೂ ಬಿಡೋ ಹೊತ್ತಿಗೆ ಅದನ್ನ ಉತ್ತು ಮಣ್ಣಿಗೆ ಸೇರಿಸಿಬಿಡಿ. ಆಮೇಲೆ ರಾಗಿ ಹಾಕಿ."

ಅವನು ಮೆಲ್ಲಗೆ ಮಂಕರಿ ಕೆಳಗಿಟ್ಟ. ಚೀಟಿ ಬಂದಾಗಿನಿಂದ ಊರವರು ಅವನನ್ನು ಹುಳಿಹೊಲದ ಬೈರಣ್ಣ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವನೇ ತಿಮ್ಮರಾಯಪ್ಪ.

ತೆಂಕಣ ದಿಕ್ಕಿನಲ್ಲಿ ಗುಡುಗು ಉರುಳಿತು. ಸುಣ್ಣ ಇನ್ನೂ ಮೇಲುಮೇಲೆಯೇ ಇತ್ತು. ಮಳೆ ಬಿದ್ದರೆ ಮಣ್ಣಿಗೆ ಇಳಿದುಹೋಗುತ್ತದೆ. ಕಾತ್ಯಾಯಿನಿ ಚಪ್ಪಲಿ ಕಳಚಿ, ಸೆರಗು ಸಿಕ್ಕಿಸಿ, ಎರಡೂ ಕೈಯಲ್ಲಿ ಬಾಚತೊಡಗಿದಳು. "ಬುಡಿ ಅಮ್ಮಾವ್ರೇ, ಕೈ ಸುಡ್ತದೆ" ಎಂದ ಬೈರಣ್ಣ. ಅವಳು ಬಿಡಲಿಲ್ಲ. ಮಂಗಮ್ಮ ಗೊಣಗುತ್ತಲೇ ಪೊರಕೆ ತಂದಳು.

ಮೂವರೂ ಬಗ್ಗಿ ಬಾಚುತ್ತಿರುವಾಗ ತಿಮ್ಮರಾಯಪ್ಪ ಬದುವಿಗೆ ಬಂದ. "ಏನ್ಲಾ ಬೈರ, ಹಾಕಿದ್ನ ಬಾಚ್ತೀಯ? ಹುಳಿ ಹೋಯ್ತಾ?"

ಕಾತ್ಯಾಯಿನಿ ನೆಟ್ಟಗೆ ನಿಂತಳು. ಬೈರಣ್ಣನಿಗೆ ಹೇಳಿದಷ್ಟು ಸುಲಭವಾಗಿ ಇದು ಬಾಯಿಗೆ ಬರಲಿಲ್ಲ. "ಸುಣ್ಣ ಬೇಕಾಗಿರೋದು ನಿಮ್ಮ ಹೊಲಕ್ಕೆ. ನಾನೇ ಚೀಟಿ ಅದಲುಬದಲು ಬರೆದುಬಿಟ್ಟೆ."

"ನಮ್ಮಪ್ಪ ಕಲ್ಲು ಕಿತ್ತು ಮಾಡಿದ್ ವಲ ಇದು!" ಅವನ ಕತ್ತಿನ ನರ ಉಬ್ಬಿತು. "ಅವತ್ತು ಚೆಂದಾಗೈತೆ ಅಂತ ಬರೆದ್ರಿ, ಇವತ್ತು ಹುಳಿ ಅಂತೀರ. ನಾಳೀಕೆ ಏನಂತೀರ? ನಿಮ್ ಆಫೀಸಿಗೇ ಬತ್ತೀನಿ, ಕೇಳ್ತೀನಿ."

"ಬನ್ನಿ. ಇದನ್ನೇ ಅಲ್ಲೂ ಹೇಳ್ತೀನಿ." ಎಂದಳು ಕಾತ್ಯಾಯಿನಿ.

ಈಗ ಬೈರಣ್ಣ ನಗಬಹುದಿತ್ತು. ಮಂಗಮ್ಮ ಅವನ ಮುಖವನ್ನೇ ನೋಡಿದಳು. ಅವನು ನಗಲಿಲ್ಲ. ಬಿಚ್ಚದೆ ಉಳಿದಿದ್ದ ನಾಲ್ಕು ಸುಣ್ಣದ ಚೀಲಗಳನ್ನು ಒಂದೊಂದಾಗಿ ಎಳೆದು ನಡುಬದುವಿನ ಮೇಲಿಟ್ಟ.

"ಬೇಕಾರೆ ತಗೊಂಡೋಗು ತಿಮ್ಮಣ್ಣ. ನಮ್ಗೆ ಬ್ಯಾಡ."

ತಿಮ್ಮರಾಯಪ್ಪ ಚೀಲಗಳತ್ತ ಕಣ್ಣೂ ಹಾಯಿಸದೆ ಹೊರಟುಹೋದ.

ಮಳೆ ಬಂದೇಬಿಟ್ಟಿತು. ಬಾಚಿದ್ದು ಕಾಲುಭಾಗ, ಉಳಿದದ್ದು ಹಾಲಿನ ಹಾಗೆ ಸಾಲುಗಳಲ್ಲಿ ಹರಿಯಿತು. ಚೀಲಗಳ ಮೇಲೆ ತೆಂಗಿನ ಗರಿ ಹೊದಿಸಿ ಮೂವರೂ ಹುಣಸೆಮರದ ಕೆಳಗೆ ನಿಂತರು. ಮಂಗಮ್ಮ ಕಾತ್ಯಾಯಿನಿಯ ಸುಟ್ಟ ಅಂಗೈ ತಿರುವಿ ನೋಡಿ, ಬುತ್ತಿಯಲ್ಲಿದ್ದ ಮೊಸರು ಸವರಿದಳು.

ಮಳೆ ಹೊಳವಾದಾಗ ಕಾತ್ಯಾಯಿನಿ ಹೊರಟಳು. ಇನ್ನು ಆಫೀಸಿಗೆ ಹೋಗುವುದೋ, ಮನೆಗೋ, ತೋಚಲಿಲ್ಲ. ಬೇಗಬೇಗ ನಡೆದು, ದಿಣ್ಣೆಯೇರಿ ಒಮ್ಮೆ ತಿರುಗಿದಳು. ತನ್ನ ಹೊಲದ ನಡುವೆ ತಿಮ್ಮರಾಯಪ್ಪ ಒಬ್ಬನೇ ಕುಕ್ಕರಗಾಲಲ್ಲಿ ಕೂತಿದ್ದ. ಆಚೀಚೆ ನೋಡಿ, ಚಿಟಿಕೆ ಒದ್ದೆಮಣ್ಣನ್ನು ನಾಲಿಗೆಗೆ ಇಟ್ಟುಕೊಂಡು ರುಚಿ ನೋಡಿದ.