ಹೊನ್ನಿ ಹುಲ್ಲು

ಕಾಗಾಲದಲ್ಲಿ ಹೊನ್ನಿ ಅನ್ನುವ ಹೆಂಗಸರು ನನ್ನ ಬಿಟ್ಟು ಇನ್ನೂ ಇಬ್ಬರಿದ್ದಾರೆ. ಹುಲ್ಲಿಗೆ ಇಟ್ಟ ಹೆಸರು ಮಾತ್ರ ನನ್ನದು.

ತಪ್ಪು ನನ್ನದೇ. ಏಳು ವರ್ಷದ ಹಿಂದೆ ಹೆದ್ದಾರಿ ಬದಿಯ ಹೊಸ ಮಣ್ಣಿನ ಮೇಲೆ ಆಳೆತ್ತರದ ಹುಲ್ಲು ಬೆಳೆದಿತ್ತು. ತುದಿಯಲ್ಲಿ ಅಳಿಲಿನ ಬಾಲದಂಥ ಹೂವು. ಬಿಟ್ಟಿ ಮೇವು ಕಂಡರೆ ಬಿಡುವವಳಲ್ಲ ನಾನು. ನಾಲ್ಕು ದಿನ ಕೊಯ್ದು, ಹೊರೆ ಕಟ್ಟಿ, ಎಲ್ಲರ ದನ ಮೇಯುವ ಊರಿನ ಹುಲ್ಲುಗಾವಲು, ನಮ್ಮ ಬೇಣ, ದಾಟಿ ಮನೆಗೆ ಹೊತ್ತು ತಂದೆ. ದನಗಳು ಮೂಸಿ ಬಿಟ್ಟವು. ಹೊರೆಯಿಂದ ದಾರಿಯುದ್ದ ಬೀಜ ಉದುರಿತ್ತು. ಮರುವರ್ಷ ಬೇಣದಲ್ಲಿ, ರಸ್ತೆಯಿಂದ ನನ್ನ ಕೊಟ್ಟಿಗೆವರೆಗೆ, ಗೆರೆ ಎಳೆದ ಹಾಗೆ ಅದೇ ಹುಲ್ಲು ಎದ್ದಿತು. ಸುಳ್ಳು ಹೇಳಲು ಜಾಗವೇ ಇರಲಿಲ್ಲ.

ನೆರೆಮನೆಯ ಮಾದೇವ ಅದನ್ನು 'ಹೊನ್ನಿ ಹುಲ್ಲು' ಅಂದ. ಊರು ನಕ್ಕಿತು. ಗೆರೆ ಅಗಲವಾಗಿ ಅರ್ಧ ಬೇಣ ನುಂಗಿ, ಹಿಂದಿನಿಂದ ಇದ್ದ ಕರಡ ಹುಲ್ಲು ಅದರಡಿ ಸಾಯತೊಡಗಿದಾಗ ನಗೆ ನಿಂತಿತು, ಹೆಸರು ಹೋಗಲಿಲ್ಲ. ನನ್ನ ಮಗಳು ಶ್ರೀಗೌರಿಯನ್ನು ಬಸ್ಸಿನಲ್ಲಿ ಯಾರೋ, ಹುಲ್ಲಿನ ಹೊನ್ನಿ ಮಗಳಾ ನೀನು ಎಂದು ಕೇಳಿದರಂತೆ. ಅವತ್ತೇ ಈ ಹೆಸರು ತೊಳೆಯದೆ ಸಾಯುವುದಿಲ್ಲ ಅಂದುಕೊಂಡೆ.

ಮಾದೇವನ ಉಪಾಯ ಬೆಂಕಿ. ಬೇಸಿಗೆಯಲ್ಲಿ ಬೇಣ ಸುಟ್ಟರು. ಮೊದಲ ಮಳೆಗೆ ಅದು ಬುಡದಿಂದ ಎರಡು ಪಟ್ಟು ಚಿಗುರಿತು, ಸತ್ತದ್ದು ಕರಡವೇ. ಮುಂದಿನ ಬೇಸಿಗೆ ಮತ್ತೆ ಬೆಂಕಿಪೆಟ್ಟಿಗೆ ಹಿಡಿದು ಬಂದವನ ಎದುರು ನಿಂತೆ.

"ಕಡ್ಡಿ ಗೀರು ನೋಡ್ವಾ. ಮೊದ್ಲು ಹಚ್ಚುದು ನಿನ್ನ ಲುಂಗಿಗೇ."

"ಮತ್ತೆಂತ ಮಾಡುದು? ಕೂತ್ಕಂಡು ಅಳುದಾ?"

"ಕೀಳುದು."

ಕಿತ್ತೆ. ಮಳೆಗೆ ಮಣ್ಣು ಮೆತ್ತಗಿರುವಾಗ ಬುಡಸಮೇತ. ದೊಡ್ಡ ಬುಡಕ್ಕೆ ಪಿಕಾಸಿ. ಉಳಿದದ್ದನ್ನು ಚೌತಿ ಕಳೆದ ಕೂಡಲೇ, ಹೂವು ತಲೆ ಎತ್ತುವ ಮೊದಲು, ಕತ್ತಿಯಿಂದ ಕೊಯ್ದೆ. ಮೊದಲ ವರ್ಷ ನಾನು, ಮಗಳು. ಎರಡನೇ ವರ್ಷ ನಮ್ಮ ಕೇರಿಯ ಲಕ್ಕಿ ಬಂದಳು. ಅವಳ ಎಮ್ಮೆಗೆ ಮೇವಿರಲಿಲ್ಲ. ಮೂರನೇ ವರ್ಷ ಮಾದೇವನೇ ಪಿಕಾಸಿ ಹೊತ್ತು ಬಂದ. ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂದು ಬೈದೆ. ಬೈಸಿಕೊಂಡು ಅಗೆದ.

ಈ ವರ್ಷ ಬೇಣದ ತುಂಬ ಮೊಣಕಾಲೆತ್ತರ ಕರಡ. ಮೇಯಲು ಬಿಟ್ಟರೆ ದನ ತಲೆ ಎತ್ತುವುದಿಲ್ಲ.

ಹೋದ ವಾರ ಹಳದೀಪುರದಿಂದ ಮೂವರು ನೋಡಲು ಬಂದರು. ಅಲ್ಲೂ ಆ ಹಾಳು ಹುಲ್ಲು ಹುಟ್ಟಿದೆಯಂತೆ. ಮಾದೇವ ತನ್ನದೇ ಜಾಗವೆಂಬಂತೆ ಸುತ್ತಿಸಿ ತೋರಿಸಿದ. ಅವರಲ್ಲೊಬ್ಬ ವಹಿ ತೆಗೆದು, ನೀವು ಕಿತ್ತ ಹುಲ್ಲಿಗೆ ನಿಮ್ಮಲ್ಲಿ ಎಂತ ಹೆಸರು ಎಂದು ಕೇಳಿದ. ಮಾದೇವ ನನ್ನ ಮುಖ ನೋಡಿದ. ಹೊರಗಿಂದ ಬಂದ ಹುಲ್ಲು, ಅದಕ್ಕೆಂತ ಹೆಸರು ಎಂದು ಗೊಣಗಿದ.

ಇಷ್ಟು ವರ್ಷ ನಾನು ಬಯಸಿದ್ದು ಅದನ್ನೇ. ಆದರೆ ಕಿವಿಗೆ ಬಿದ್ದಾಗ ಮೈ ಉರಿಯಿತು. ನಾನು ಬೆನ್ನು ಮುರಿದುಕೊಂಡದ್ದು ಹೆಸರಿಲ್ಲದ ಹುಲ್ಲಿಗೆಯೇ?

"ಹೊನ್ನಿ ಹುಲ್ಲು ಅಂತ ಬರ್ಕಳಿ," ಅಂದೆ. "ತಂದವಳೂ ನಾನೇ, ತೆಗೆದವಳೂ ನಾನೇ."

ಅವನು ಬರೆದುಕೊಂಡ.