ಎರಡು ಗಂಟೆಯ ಕಾವಲು

ಎರಡನೆಯ ಮಹಡಿಯಿಂದ ಇಳಿಯುವ ಮೆಟ್ಟಿಲ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಹಾಕಿಕೊಂಡಿತು. ಮುಂದಿನವರಿಬ್ಬರು ಎಳೆದರು, ಹಿಂದಿನವರಿಬ್ಬರು ನೂಕಿದರು, ಗೋಡೆಯ ಸುಣ್ಣ ಒಂದಷ್ಟು ಉದುರಿತೇ ಹೊರತು ಪೆಟ್ಟಿಗೆ ಅಲ್ಲಾಡಲಿಲ್ಲ.

"ಒತ್ತಬೇಡಿ, ಒತ್ತಬೇಡಿ," ಎಂದಳು ಕೆಳಗೆ ನಿಂತಿದ್ದ ಹೊಲಿಗೆಯಮ್ಮ. "ಈಗ ಒತ್ತಿದ್ರೆ ಇನ್ನೂ ಬಿಗಿಯುತ್ತೆ. ಸ್ವಲ್ಪ ಹೊತ್ತು ಸುಮ್ನಿರಿ."

"ಉಸಿರು ಬಿಡಿ ಎಲ್ರೂ," ಎಂದಳು ಅವಳ ಹಿಂದಿದ್ದ ಹೂವಿನಂಗಡಿಯವಳು.

"ಹೂಂ, ಈಗ ಭುಜ ತಿರುಗಿಸಿ. ಎಡಕ್ಕೆ. ಆತುರ ಬೇಡ, ಅದೇ ಬರುತ್ತೆ," ಎಂದಳು ಹೊಲಿಗೆಯಮ್ಮ.

ಹೇಳಿ ಮುಗಿಸಿದ ಮೇಲೆ ಆ ಹೆಂಗಸರಿಗೆ ತಾವು ಯಾರ ಮಾತು ಆಡುತ್ತಿದ್ದೇವೆ ಎಂಬುದು ಹೊಳೆಯಿತು. ಪೆಟ್ಟಿಗೆಯೊಳಗೆ ಮಲಗಿದ್ದವಳದೇ ಮಾತು. ತಂತಮ್ಮ ಹೆರಿಗೆಯ ಹೊತ್ತಿನಲ್ಲಿ ಅವಳ ಬಾಯಿಂದ ಕೇಳಿ, ಬೈದುಕೊಂಡು, ಕೊನೆಗೆ ಅದರಂತೆಯೇ ನಡೆದು ಹೆತ್ತವರು ಅವರು. ಹೂವಿನಂಗಡಿಯವಳು ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಬಂದಿತ್ತೋ ಅಳು ಬಂದಿತ್ತೋ ಅವಳಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ಪೆಟ್ಟಿಗೆ ಎಡಕ್ಕೆ ವಾಲಿ, ತಿರುವು ದಾಟಿ, ಸರಾಗವಾಗಿ ಇಳಿಯಿತು.

"ಅವಳೇ ನಿಂತಿದ್ದಿದ್ರೆ ಇಷ್ಟು ಹೊತ್ತು ಹಿಡೀತಿರ್ಲಿಲ್ಲ," ಎಂದರು ಮೇಲಿನ ಮೆಟ್ಟಿಲಿಂದ ಅವಳ ಗಂಡ.

ಬೀದಿಗೆಲ್ಲ ಅವಳು ಅಕ್ಕ. ಹಾಗಾಗಿ ಅವರು ಬೀದಿಗೆಲ್ಲ ಭಾವ. ಮೂವತ್ತು ವರ್ಷ ಈ ಮನೆಗಳಿಗೇ ಕಾಗದ ಹಂಚಿದರೂ ಅಂಚೆಯವರು ಎಂದು ಅವರನ್ನು ಕರೆದವರಿಲ್ಲ. ಹೆಂಡತಿ ಸೂಲಗಿತ್ತಿಯಾದ ಮೇಲೆ ಗಂಡನ ಕೆಲಸ ಯಾರಿಗೆ ಬೇಕು. ಪೆಟ್ಟಿಗೆ ಹೊತ್ತ ನಾಲ್ವರಲ್ಲಿ ಮೂವರು ಅಕ್ಕನ ಕೈಮೇಲೆಯೇ ಭೂಮಿಗೆ ಬಂದವರು. ನಾಲ್ಕನೆಯವನು ಬೇರೆ ಊರಿನವನು, ಪಾಪ, ಅದು ಅವನ ತಪ್ಪಲ್ಲ.

ಭಾವನ ಹಿಂದೆ, ಎಲ್ಲರಿಗಿಂತ ಕೊನೆಯಲ್ಲಿ ಇಳಿದವಳು ಚಿಕ್ಕಕ್ಕ. ಅಕ್ಕನ ಕೈಕೆಳಗೆ ಆರು ವರ್ಷ ಕಲಿತು, ಅವಳು ನಿವೃತ್ತಳಾದ ಮೇಲೆ ಬೀದಿಯ ಚಿಕಿತ್ಸಾಲಯವನ್ನು ವಹಿಸಿಕೊಂಡವಳು. ಬೆಳಿಗ್ಗೆ ಅಕ್ಕನ ಕೈ ತೊಳೆದವಳು ಅವಳೇ. ಉಗುರುಗಳು ಎಂದಿನಂತೆ ಬುಡಮಟ್ಟ ಕತ್ತರಿಸಿದ್ದವು. ಕೆಲಸ ಬಿಟ್ಟು ನಾಲ್ಕು ವರ್ಷವಾದರೂ ಅಕ್ಕ ಉಗುರು ಬೆಳೆಯಲು ಬಿಟ್ಟಿರಲಿಲ್ಲ. ಆ ಕೈಗಳನ್ನು ಒರೆಸುವಾಗ ಚಿಕ್ಕಕ್ಕನಿಗೆ ತಡೆಯಲಾಗದೆ ಕಣ್ಣೀರು ಬಂದಿತ್ತು. ಅವಳ ಹೆಗಲಚೀಲದಲ್ಲಿ ಒಂದು ಲಕೋಟೆ ಇತ್ತು. ಅದರೊಳಗೆ ನಾಳೆ ಕೊಡಬೇಕಾದ ರಾಜೀನಾಮೆ. ಅದಕ್ಕೂ ಮುಂಚೆ ಇವತ್ತು ಭಾವನಿಗೆ ಒಂದು ಮಾತು ಹೇಳಬೇಕು. ಹೇಳದೆ ಮಣ್ಣು ಹಾಕಲು ಅವಳ ಕೈ ಏಳುವಂತಿರಲಿಲ್ಲ.

*

ಒಂದು ತಿಂಗಳ ಹಿಂದಿನ ಮಾತು. ಅಕ್ಕನ ಮನೆಯ ಎದುರು ಕಟ್ಟಡದ ಮೂರನೆಯ ಮಹಡಿಯಲ್ಲಿ ಚಿಕ್ಕಕ್ಕ ಹೆರಿಗೆ ಮಾಡಿಸಿದ್ದಳು. ಹೆಣ್ಣು ಮಗು, ಒಳ್ಳೆಯ ತೂಕ, ಹುಟ್ಟಿದ ತಕ್ಷಣ ಮನೆ ಎದ್ದುಹೋಗುವಂತೆ ಅತ್ತಿತು. ಮಾಸು ಪೂರ್ತಿ ಬಿತ್ತು. ಬಾಣಂತಿ ಎರಡು ಲೋಟ ಬಿಸಿ ಹಾಲು ಕುಡಿದು ಕಣ್ಣು ಮುಚ್ಚಿದಳು. ಎಲ್ಲವೂ ಹೂ ಎತ್ತಿದಷ್ಟು ಸಲೀಸು.

ಅಕ್ಕ ಕಲಿಸಿದ್ದು ಒಂದೇ ಒಂದು ಕಟ್ಟಪ್ಪಣೆ. ಮಗು ಹುಟ್ಟಿದ ಮೇಲೆ ಎರಡು ಗಂಟೆ ಕಾಲ ತಾಯಿಯ ಪಕ್ಕದಿಂದ ಏಳಬಾರದು. ಹದಿನೈದು ನಿಮಿಷಕ್ಕೊಮ್ಮೆ ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಒಳಗೆ ಗರ್ಭಕೋಶ ಚೆಂಡಿನಂತೆ ಗಟ್ಟಿಯಾಗಿದೆಯೇ ಎಂದು ನೋಡಬೇಕು. ಮೆತ್ತಗಾಯಿತೆಂದರೆ ರಕ್ತ ಹೋಗುತ್ತಿದೆ ಎಂದರ್ಥ. "ಎಲ್ರೂ ಮಗೂನ ನೋಡ್ತಿರ್ತಾರೆ. ತಾಯೀನ ನೋಡೋಕೆ ಒಬ್ಬರು ಬೇಕಲ್ಲ, ಅದಕ್ಕೇ ನಮಗೆ ಸಂಬಳ," ಎನ್ನುತ್ತಿದ್ದಳು. ಯಾಕೆ ಒಂದೂವರೆ ಗಂಟೆ ಸಾಲದು ಎಂದು ಚಿಕ್ಕಕ್ಕ ಕೇಳಿದ್ದುಂಟು. ಅಕ್ಕ ಉತ್ತರ ಕೊಟ್ಟಿರಲಿಲ್ಲ.

ಅಂದು ಚಿಕಿತ್ಸಾಲಯದಲ್ಲಿ ಹನ್ನೊಂದು ಗರ್ಭಿಣಿಯರು ಬೆಂಚಿನ ಮೇಲೆ ಕಾಯುತ್ತಿದ್ದರು. ಹೆರಿಗೆಯಾಗಿ ಒಂದೂವರೆ ಗಂಟೆ ಕಳೆದಾಗ ಚಿಕ್ಕಕ್ಕ ಹೊಟ್ಟೆ ಮುಟ್ಟಿ ನೋಡಿದಳು, ಗಟ್ಟಿಯಾಗಿತ್ತು. ಎದ್ದು ಹೊರಟಳು.

ಇಪ್ಪತ್ತು ನಿಮಿಷದಲ್ಲಿ ಫೋನು ಬಂತು. ಅವಳು ಎದ್ದುಬಿದ್ದು ಓಡಿ ಮೂರು ಮಹಡಿ ಹತ್ತುವಷ್ಟರಲ್ಲಿ ಅಲ್ಲಿ ಅಕ್ಕ ಇದ್ದಳು. ಬಾಣಂತಿಯ ತಂಗಿ ಕಿಟಕಿಯಿಂದ ಕೂಗಿದ್ದನ್ನು ಕೇಳಿ, ವೈದ್ಯರು ಮೆಟ್ಟಿಲು ಹತ್ತಲೇಬಾರದು ಎಂದಿದ್ದ ಅಕ್ಕ ಹತ್ತಿ ಬಂದಿದ್ದಳು. ಹಾಸಿಗೆ ನೆನೆದಿತ್ತು. ಅಕ್ಕ ಮೊಣಕಾಲೂರಿ, ಒಂದು ಕೈಯಲ್ಲಿ ಹೊಟ್ಟೆ ತಿಕ್ಕುತ್ತಾ, ಇನ್ನೊಂದು ಕೈಯಲ್ಲಿ ಮಗುವನ್ನು ಎದೆಗೆ ಹಿಡಿಸಿದ್ದಳು.

"ಸೂಜಿ ಕೊಡು ಮೊದಲು," ಎಂದಳು. ಚಿಕ್ಕಕ್ಕ ಚುಚ್ಚುಮದ್ದು ಕೊಟ್ಟ ಮೇಲೆ ಅವಳ ಕೈ ಹಿಡಿದು ಬಾಣಂತಿಯ ಹೊಟ್ಟೆಯ ಮೇಲಿಟ್ಟಳು. "ನೋಡು. ಗಟ್ಟಿಯಾಗ್ತಿದೆಯಾ?"

"ಆಗ್ತಿದೆ ಅಕ್ಕ."

"ಹಾಗಾದ್ರೆ ಕೂತ್ಕೋ."

ಬೈಗುಳ ಇಲ್ಲ, ಒಂದು ಕಟು ನೋಟವೂ ಇಲ್ಲ. ಅಕ್ಕ ಇಳಿಯುವಾಗ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತುಬಿಟ್ಟಳು. ತುಟಿ ನೀಲಿಯಾಗಿತ್ತು. "ಈ ಮನೆಯವರು ಮೆಟ್ಟಿಲು ಸ್ವಲ್ಪ ಜಾಸ್ತೀನೇ ಕಟ್ಟಿಸಿದ್ದಾರೆ ಕಣೇ," ಎಂದು ನಕ್ಕಳು. ಬಾಣಂತಿ ಉಳಿದಳು. ನಾಲ್ಕು ವಾರವಾದ ಮೇಲೆ, ನಿನ್ನೆ ಬೆಳಿಗ್ಗೆ, ಒಗೆದ ಬಟ್ಟೆ ಮಡಿಸುತ್ತಾ ಕೂತಲ್ಲೇ ಅಕ್ಕ ಹೋದಳು.

*

ವ್ಯಾನಿನಲ್ಲಿ ಪೆಟ್ಟಿಗೆಯ ಎರಡೂ ಬದಿಯ ಉದ್ದ ಸೀಟುಗಳಲ್ಲಿ ಮೂವರು ಕುಳಿತರು. ಭಾವ, ಚಿಕ್ಕಕ್ಕ, ಹೊಲಿಗೆಯಮ್ಮ. ವ್ಯಾನು ಓಡಿಸುತ್ತಿದ್ದವನು ಹೊಲಿಗೆಯಮ್ಮನ ಮಗ. ಅವನಿಗೂ ನಲವತ್ತೊಂದಾಯಿತು, ನೆತ್ತಿ ಬೋಳಾಗಿದೆ. ಉಳಿದವರು ಹಿಂದೆ ನಡೆದುಕೊಂಡು ಬರುತ್ತಿದ್ದರು.

"ಭಾವ, ನಿಮಗೊಂದು ಹೇಳ್ಬೇಕು," ಎಂದಳು ಚಿಕ್ಕಕ್ಕ. "ಆ ಎದುರು ಮನೆ ಹೆರಿಗೆ ದಿನ ನಾನು ಬೇಗ ಎದ್ದು ಹೋಗಿದ್ದೆ. ಅದಕ್ಕೇ ಅಕ್ಕ ಮೆಟ್ಟಿಲು ಹತ್ತಬೇಕಾಯ್ತು. ಅವತ್ತಿಂದ ಅವರು ಸರಿ ಹೋಗ್ಲೇ ಇಲ್ಲ. ನನ್ನಿಂದಲೇ ಆದದ್ದು."

ಭಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

"ಗೊತ್ತಮ್ಮ. ಅವಳ ಹೃದಯ ಹೋದ ವರ್ಷಾನೇ ಕೈ ಕೊಟ್ಟಿತ್ತು. ವೈದ್ಯರು ಆರು ತಿಂಗಳು ಅಂದಿದ್ರು, ಅವಳು ಹದಿನಾಲ್ಕು ತಿಂಗಳು ಎಳೆದ್ಲು. ಯಾವುದರಲ್ಲೂ ಆತುರ ಇಲ್ಲ ನೋಡು ಅವಳಿಗೆ. ಆ ದಿನ ಮನೆಗೆ ಬಂದು ಎರಡು ತಟ್ಟೆ ಊಟ ಮಾಡಿದ್ಲು. ಎಷ್ಟೋ ದಿನದ ಮೇಲೆ ಹಾಗೆ ಉಂಡದ್ದು."

"ನಾನು ಕೆಲಸ ಬಿಡ್ತಿದ್ದೀನಿ ಭಾವ. ಕಾಗದ ಬರೆದಾಗಿದೆ."

ಭಾವ ಪೆಟ್ಟಿಗೆಯ ಆಚೆ ಬದಿಯಲ್ಲಿ ಕುಳಿತಿದ್ದ ಹೊಲಿಗೆಯಮ್ಮನ ಮುಖವನ್ನೇ ನೋಡಿದರು. ಅದು ಒಪ್ಪಿಗೆ ಕೇಳುವ ನೋಟ.

"ಹೇಳಿ ಭಾವ," ಎಂದಳು ಹೊಲಿಗೆಯಮ್ಮ. "ಇನ್ಯಾರು ಹೇಳ್ತಾರೆ? ಹೆತ್ತವರ ಕತೆ ಹೆತ್ತವರದು ಅಂತ ಅವಳಂತೂ ಯಾರ ಮುಂದೇನೂ ಬಾಯಿ ಬಿಡ್ಲಿಲ್ಲ. ನಿಮ್ಮ ಪಾಲಿನದು ನೀವು ಹೇಳಿ, ನನ್ನದು ನಾನು ಹೇಳ್ತೀನಿ."

*

ನಲವತ್ತೊಂದು ವರ್ಷದ ಹಿಂದೆ ಭಾವನಿಗೆ ಸೊಂಪಾದ ಮೀಸೆ ಇತ್ತು, ಹೊಸ ಸೈಕಲ್ಲು ಇತ್ತು. ಅಂದು ಅವರ ತಮ್ಮನ ಮದುವೆ. ಊರಿಗೆ ಹೋಗುವ ಕೊನೆಯ ಬಸ್ಸು ಮಧ್ಯಾಹ್ನ ಮೂರಕ್ಕೆ. ಹೆಂಡತಿ ನೋಡಿದರೆ ಹೊಲಿಗೆಯಮ್ಮನ ಮನೆಯಲ್ಲಿ ಹೆರಿಗೆ ಮಾಡಿಸಲು ಕುಳಿತಿದ್ದಾಳೆ. ಮಗು ಹುಟ್ಟಿಯಾಗಿದೆ ಎಂದು ಯಾರೋ ಹೇಳಿದರು. ಹುಟ್ಟಿದ ಮೇಲೆ ಇನ್ನೇನು ಕೆಲಸ? ಭಾವ ಆ ಮನೆಯ ಕಿಟಕಿಯ ಕೆಳಗೆ ನಿಂತು ಎರಡು ಸಲ ಸೈಕಲ್ಲಿನ ಗಂಟೆ ಬಾರಿಸಿದರು. ಅಕ್ಕ ಇಣುಕಿ, ಇನ್ನೂ ಸ್ವಲ್ಪ ಹೊತ್ತು ಎಂದು ಕೈ ಮಾಡಿದಳು. ಭಾವ ಮತ್ತೆ ಎರಡು ಸಲ ಬಾರಿಸಿದರು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಮದುವೆಯಾಗಿ ಆರೇ ತಿಂಗಳಾಗಿದ್ದ ಹುಡುಗಿ ಗಂಡನ ಮುಖ ನೋಡಿದಳು, ಬಾಣಂತಿಯ ಮುಖ ನೋಡಿದಳು, ಚೀಲ ಎತ್ತಿಕೊಂಡು ಇಳಿದು ಬಂದಳು. ಆಗ ಮಗು ಹುಟ್ಟಿ ಒಂದೂವರೆ ಗಂಟೆಯಾಗಿತ್ತು.

ಅವರು ಮದುವೆ ಊಟ ಮುಗಿಸಿ ಮರುದಿನ ವಾಪಸು ಬರುವಾಗ ಹೊಲಿಗೆಯಮ್ಮ ದೊಡ್ಡಾಸ್ಪತ್ರೆಯಲ್ಲಿದ್ದಳು. ಜೀವ ಉಳಿದಿತ್ತು. ಗರ್ಭಕೋಶ ಉಳಿದಿರಲಿಲ್ಲ.

*

"ಎಲ್ರೂ ಹಣೆಬರಹ ಅಂದ್ರು," ಎಂದಳು ಹೊಲಿಗೆಯಮ್ಮ. ವ್ಯಾನು ನಿಧಾನವಾಗಿ ಉಬ್ಬು ದಾಟುತ್ತಿತ್ತು, ಅವಳು ಪೆಟ್ಟಿಗೆ ಅಲುಗದಂತೆ ಕೈ ಒತ್ತಿ ಹಿಡಿದಿದ್ದಳು. "ನಾನು ಮನೆಗೆ ಬಂದ ದಿನ ಇವಳು ಬಾಗಿಲಲ್ಲಿ ಬಂದು ನಿಂತಳು. ನಾನು ಬೇಗ ಎದ್ದು ಹೋದೆ, ತಪ್ಪು ನನ್ನದು, ಅಂದ್ಲು. ಆ ಮಾತು ಹೇಳಿದವಳು ಅವಳೊಬ್ಬಳೇ. ನಾನು ಮುಖದ ಮೇಲೇ ಬಾಗಿಲು ಹಾಕಿದೆ. ಮಾರನೇ ದಿನ ಮತ್ತೆ ಬಂದ್ಲು. ಅದರ ಮಾರನೇ ದಿನಾನೂ ಬಂದ್ಲು. ಐದನೇ ದಿನ ಇವನು," ಎಂದು ಮುಂದಿನ ಬೋಳುನೆತ್ತಿಯತ್ತ ಗದ್ದ ತೋರಿಸಿದಳು, "ಹೊಟ್ಟೆನೋವಿಗೆ ಒಂದೇ ಸಮ ಕಿರುಚ್ತಿದ್ದ. ಬಾಗಿಲು ತೆಗೆದು ಅವಳ ಕೈಗೆ ಕೊಟ್ಟುಬಿಟ್ಟೆ. ಕ್ಷಮಿಸಿದ್ದೇನಲ್ಲ. ನನ್ನ ಕೈ ಸೋತಿತ್ತು, ಅಷ್ಟೆ."

"ನಾನೇ ಸಿಕ್ಕಿದ್ನಾ ಇವತ್ತೂ," ಎಂದ ಮಗ ಮುಂದಿನಿಂದ.

"ನೀನು ದಾರಿ ನೋಡು." ಹೊಲಿಗೆಯಮ್ಮ ಚಿಕ್ಕಕ್ಕನ ಕಡೆ ತಿರುಗಿದಳು. "ಇವನು ಅವಳ ಹೆಗಲ ಮೇಲೆ ನಿದ್ದೆ ಹೋದ. ಆಗ ಅಂದ್ಲು, ನಾನು ಈ ಕೆಲಸ ಬಿಡ್ತಿದ್ದೀನಿ ಅಂತ. ನನಗೆ ಎಲ್ಲಿತ್ತೋ ಸಿಟ್ಟು. ನನ್ನ ಮೈಮೇಲೆ ಕಲಿತದ್ದನ್ನ ಮನೇಲಿ ಮಡಿಸಿ ಇಟ್ಕೊಂಡು ಕೂರ್ತೀಯಾ ಅಂತ ಕೇಳ್ದೆ. ನಾನು ಇನ್ನೊಂದು ಹೆರಲ್ಲ. ಹೆರೋರ ಹತ್ರ ಹೋಗಿ ಕೂತ್ಕೋ. ಎರಡು ಗಂಟೆ ಕೂತ್ಕೋ. ಯಾರು ಕರೆದ್ರೂ ಏಳಬೇಡ, ಅಂದೆ."

ಭಾವ ಕನ್ನಡಕ ಮತ್ತೆ ಏರಿಸಿಕೊಂಡರು.

"ಅವತ್ತಿಂದ ನಾನು ತಣ್ಣಗಾದ ಊಟಾನೇ ಉಂಡದ್ದು," ಎಂದರು ಭಾವ. "ಸೈಕಲ್ಲಿನ ಗಂಟೆ ನಾನೇ ಬಿಚ್ಚಿಹಾಕಿದೆ. ನಿಮ್ಮಕ್ಕ ಎರಡು ತಟ್ಟೆ ಉಂಡಳು ಅಂದ್ನಲ್ಲ, ಆ ದಿನ ಕೈ ತೊಳೀತಾ ಏನಂದ್ಲು ಗೊತ್ತಾ? ಆ ಹುಡುಗಿ ಇನ್ನು ಯಾವತ್ತೂ ಬೇಗ ಏಳಲ್ಲ ನೋಡಿ, ಇನ್ನು ನನಗೆ ಚಿಂತೆ ಇಲ್ಲ ಅಂದ್ಲು."

ಹೊಲಿಗೆಯಮ್ಮ ತನ್ನ ಚೀಲದಿಂದ ಒಂದು ಬಿಳಿ ಬಟ್ಟೆಯ ಕುಲಾವಿ ತೆಗೆದು ಪೆಟ್ಟಿಗೆಯ ಮೇಲಿಟ್ಟಳು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂದು ಜನ ಆಡಿಕೊಳ್ಳುತ್ತಾರೆ. ಈ ಬೀದಿಯಲ್ಲಿ ಮಾತ್ರ ನಲವತ್ತೊಂದು ವರ್ಷ ಅದೇ ನಡೆದಿತ್ತು. ಹೊಲಿಗೆಯಮ್ಮ ಹೊಲಿದು ಅಕ್ಕನ ಚೀಲದಲ್ಲಿ ಇಡುತ್ತಿದ್ದಳು, ಹುಟ್ಟಿದ ತಲೆಗೆ ಅಕ್ಕ ತೊಡಿಸುತ್ತಿದ್ದಳು, ಅವಳು ಕೆಲಸ ಬಿಟ್ಟ ಮೇಲೂ ಕೂಸುಗಳನ್ನು ಅವಳ ಬಳಿಗೇ ತರುತ್ತಿದ್ದರು. "ಇದು ಕೊನೇದು. ಇನ್ನು ಮುಂದಿನದು ಯಾರ ಚೀಲಕ್ಕೆ ಹಾಕಲಿ ಅಂತ ನೀನೇ ಹೇಳು," ಎಂದಳು.

ವ್ಯಾನು ಸ್ಮಶಾನದ ಗೇಟಿನೊಳಗೆ ತಿರುಗಿತು.

*

ಮಣ್ಣು ಮುಚ್ಚುವ ಕೆಲಸ ಹನ್ನೊಂದೂಕಾಲಿಗೆ ಮುಗಿಯಿತು. ಗುಂಡಿ ತೋಡಿದವನು ಸಲಿಕೆಯ ಹಿಂಬದಿಯಿಂದ ತಟ್ಟಿ ತಟ್ಟಿ ದಿಬ್ಬವನ್ನು ದುಂಡಗೆ ಮಾಡಿದ. ಜನ ಕೈ ಕೊಡವಿಕೊಂಡರು. ಹೂವಿನಂಗಡಿಯವಳು ಅಂಗಡಿ ತೆರೆಯಬೇಕಿತ್ತು. ಯಾರೋ ಮಕ್ಕಳನ್ನು ಶಾಲೆಯಿಂದ ಕರೆತರಬೇಕಿತ್ತು. ಒಬ್ಬೊಬ್ಬರೇ ಭಾವನ ಕೈ ಹಿಡಿದು, ಗೇಟಿನತ್ತ ತಿರುಗಿದರು.

ವ್ಯಾನಿನಿಂದ ಎರಡು ಸಲ ಹಾರ್ನ್ ಕೇಳಿಸಿತು.

ಭಾವ ಬೆಚ್ಚಿ ತಲೆ ಎತ್ತಿದರು. ಚಿಕ್ಕಕ್ಕ ಎದೆಗೆ ಸಿಕ್ಕಿಸಿಕೊಂಡಿದ್ದ ಗಡಿಯಾರವನ್ನು ಮೇಲೆತ್ತಿ ಹೊತ್ತು ನೋಡಿದಳು. ಆಮೇಲೆ ದಿಬ್ಬದ ಪಕ್ಕದಲ್ಲಿ, ಬರಿಯ ನೆಲದ ಮೇಲೆ, ಕಾಲು ಮಡಚಿ ಕುಳಿತಳು.

"ಹೊರಡೋಣ್ವಾ?" ಎಂದು ಕೇಳುತ್ತಾ ಹೊಲಿಗೆಯಮ್ಮನ ಮಗ ಬಂದ.

"ಒಂದೂಕಾಲಿಗೆ," ಎಂದಳು ಚಿಕ್ಕಕ್ಕ.

ಅವನು ತಾಯಿಯ ಮುಖ ನೋಡಿದ. ತಾಯಿ ಆಗಲೇ ಅವನ ತೋಳು ಹಿಡಿದು ಕೆಳಗೆ ಕೂರುತ್ತಿದ್ದಳು. ಅವನು ಹೋಗಿ ಎಂಜಿನ್ ಆರಿಸಿ ಬಂದ. ಗೇಟಿನವರೆಗೆ ಹೋಗಿದ್ದ ಹೂವಿನಂಗಡಿಯವಳು ತಿರುಗಿ ನೋಡಿ, ನಿಂತು, ವಾಪಸು ಬಂದು ಹೊಲಿಗೆಯಮ್ಮನ ಪಕ್ಕ ಕುಳಿತಳು. ಅವಳ ಹಿಂದೆ ಇನ್ನಿಬ್ಬರು. ಯಾಕೆ ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ. ಅವರಲ್ಲಿ ಒಬ್ಬೊಬ್ಬರ ಪಕ್ಕದಲ್ಲೂ ಅಕ್ಕ ಹಾಗೆ ಕುಳಿತಿದ್ದಳು. ಕೊನೆಗೆ ಗುಂಡಿ ತೋಡಿದವನೂ ಸಲಿಕೆ ಒರಗಿಸಿ, "ನಮ್ಮ ಎರಡನೇ ಮಗೂಗೂ ಇವರೇ ಬಂದಿದ್ರು," ಎಂದು ಕುಕ್ಕರಗಾಲಲ್ಲಿ ಕುಳಿತ.

ಬಿಸಿಲು ಏರಿತ್ತು. ಭಾವನ ಕತ್ತಿನಲ್ಲಿ ಬೆವರಿಳಿಯುತ್ತಿತ್ತು. ಚಿಕ್ಕಕ್ಕ ಚೀಲದಲ್ಲಿ ಕೈಯಾಡಿಸಿ ಲಕೋಟೆ ತೆಗೆದು ಅವರಿಗೆ ಕೊಟ್ಟಳು.

"ಇದರಲ್ಲಿ ಗಾಳಿ ಹಾಕ್ಕೊಳ್ಳಿ ಭಾವ."

ಅವರು ಮೇಲಿದ್ದ ವಿಳಾಸ ಓದಿದರು. ಮೂವತ್ತು ವರ್ಷ ಕಾಗದ ಹಂಚಿದ ಕೈ ಅದು, ಒಂದು ಕಾಗದವನ್ನೂ ತಲುಪಿಸದೆ ಬಿಟ್ಟಿದ್ದಿಲ್ಲ. ಅದನ್ನು ಒಡೆಯದೆ ಅಡ್ಡ ಹಿಡಿದು, ಮೆಲ್ಲನೆ ಬೀಸಿಕೊಳ್ಳತೊಡಗಿದರು. ಒಂದು ಸಲ ತಮಗೆ, ಒಂದು ಸಲ ಅವಳಿಗೆ.

ಹನ್ನೊಂದೂವರೆಯಾಯಿತು. ಚಿಕ್ಕಕ್ಕ ಮುಂದೆ ಬಾಗಿ, ದಿಬ್ಬದ ಮೇಲೆ ಅಂಗೈ ಇಟ್ಟು ಒತ್ತಿ ನೋಡಿದಳು.

"ಗಟ್ಟಿಯಾಗಿದೆಯಾ?" ಎಂದು ಕೇಳಿದಳು ಹೊಲಿಗೆಯಮ್ಮ.

"ಆಗಿದೆ," ಎಂದಳು. ಕೈ ತೆಗೆಯಲಿಲ್ಲ.